ಒಂದು ಪಾರ್ಟಿಷನ್ ಅಳಿಸಿದೆ, ಲಿನಕ್ಸ್ ಏಳ್ತಾನೇ ಇಲ್ಲ. ಫೈಲೆಲ್ಲ ಹೋಯ್ತಾ?

"ಸರ್, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಲಿನಕ್ಸ್ ಎರಡೂ ಇದ್ದವು. ಜಾಗ ಸಾಲದು ಅಂತ ವಿಂಡೋಸ್‌ನಿಂದ ಖಾಲಿ ಪಾರ್ಟಿಷನ್ ಒಂದನ್ನು ಡಿಲೀಟ್ ಮಾಡಿದೆ. ಈಗ ಕಪ್ಪು ಪರದೆ, 'ಗ್ರಬ್ ರೆಸ್ಕ್ಯೂ' ಅಷ್ಟೇ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ."
— ಚಿತ್ರದುರ್ಗದ ಓದುಗರು

ಫಾರ್ಮ್ಯಾಟ್ ಒಂದು ಮಾಡಿಸಬೇಡಿ. ನಿಮ್ಮ ಫೈಲುಗಳು ಬಹುಪಾಲು ಇದ್ದಲ್ಲೇ ಇವೆ, ಅವು ಇರುವ ಪಾರ್ಟಿಷನ್ (ಡಿಸ್ಕ್‌ನ ಭಾಗ) ನಂಬರ್ ಮಾತ್ರ ಬದಲಾಗಿದೆ.

ಎಂಬಿಆರ್ ಅನ್ನೋ ಹಳೇ ಪದ್ಧತಿಯ ಡಿಸ್ಕ್‌ಗಳಲ್ಲಿ ಲಾಜಿಕಲ್ ಪಾರ್ಟಿಷನ್‌ಗಳ (ದೊಡ್ಡ ಪಾರ್ಟಿಷನ್ ಒಂದರೊಳಗೆ ಮಾಡಿದ ಚಿಕ್ಕವು) ಎಣಿಕೆ 5ರಿಂದ ಶುರು. 5ನೇದನ್ನು ಅಳಿಸಿದರೆ 6ನೇದು 5 ಆಗುತ್ತದೆ. ನಮ್ಮ ದಾವಣಗೆರೆಯಲ್ಲಿ ಭಾನುವಾರ ಬೆಣ್ಣೆ ದೋಸೆಗೆ ಕಾಯುವಾಗ ಮುಂದಿನವರು ಬೇಸತ್ತು ಎದ್ದು ಹೋದರೆ ನಮ್ಮ ಸರದಿ ಒಂದು ಮುಂದೆ ಬರುತ್ತಲ್ಲ, ಹಾಗೆ. ಲ್ಯಾಪ್‌ಟಾಪ್ ಆನ್ ಆದಾಗ ಉಬುಂಟು, ವಿಂಡೋಸ್‌ಗಳನ್ನು ಎಬ್ಬಿಸುವ ಪಾಪದ ಗ್ರಬ್‌ಗೆ ಇದು ಗೊತ್ತಿಲ್ಲ, ಅದು ಇನ್ನೂ 6ನೇದನ್ನೇ ಹುಡುಕುತ್ತಿದೆ. (ಜಿಪಿಟಿ ಅನ್ನೋ ಹೊಸ ಪದ್ಧತಿಯ ಡಿಸ್ಕ್‌ನಲ್ಲಿ ನಂಬರ್ ಹೀಗೆ ಜರುಗುವುದಿಲ್ಲ.)

ಕೆಳಗಿನ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಆ ಕಪ್ಪು ಪರದೆಯಲ್ಲೇ ಮೊದಲು 'ಎಲ್‌ಎಸ್' ಕೊಡಿ, ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಆಮೇಲೆ 'ಎಲ್‌ಎಸ್ (ಎಚ್‌ಡಿ0,ಎಂಎಸ್‌ಡಾಸ್5)/' ಅಂತ ಒಂದೊಂದನ್ನೇ ತೆರೆದು ನೋಡಿ. ಕೆಲವು 'ಅನ್‌ನೋನ್ ಫೈಲ್‌ಸಿಸ್ಟಮ್' ಅನ್ನುತ್ತವೆ, ಹೆದರಬೇಡಿ, ಅವು ವಿಂಡೋಸ್‌ನವು ಇರಬಹುದು. ಬೂಟ್, ಹೋಮ್ ಅನ್ನೋ ಫೋಲ್ಡರ್ ಕಂಡಿತಾ? ಅದೇ ನಿಮ್ಮ ಉಬುಂಟು. ಅದು 5 ಆಗಿದ್ದರೆ:

ಸೆಟ್ ರೂಟ್=(ಎಚ್‌ಡಿ0,ಎಂಎಸ್‌ಡಾಸ್5)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್5)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಹಳೇ ಮೆನು ಬರುತ್ತದೆ. ಆದರೆ ಇದು ತಾತ್ಕಾಲಿಕ. ನಾನು ಮೊದಲ ಸಲ ಮೆನು ಕಂಡ ಖುಷಿಯಲ್ಲಿ ಶಟ್‌ಡೌನ್ ಮಾಡಿ ಚಹಾ ಕುಡಿಯೋಕೆ ಹೋಗಿದ್ದೆ, ವಾಪಸ್ ಬಂದರೆ ಮತ್ತದೇ ಕಪ್ಪು ಪರದೆ! ಆದ್ದರಿಂದ ಉಬುಂಟು ತೆರೆದ ಕೂಡಲೇ ಟರ್ಮಿನಲ್‌ನಲ್ಲಿ 'ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ', ಅದರ ಹಿಂದೆಯೇ 'ಸುಡೊ ಅಪ್‌ಡೇಟ್-ಗ್ರಬ್' ಕೊಟ್ಟುಬಿಡಿ. ಎಸ್‌ಡಿಎ ಕೊನೆಗೆ ನಂಬರ್ ಹಾಕಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ನಿಮ್ಮ ಡಿಸ್ಕ್ ಎಸ್‌ಡಿಎ ಹೌದೋ ಅಲ್ಲವೋ ಅಂತ 'ಎಲ್‌ಎಸ್‌ಬಿಎಲ್‌ಕೆ' ತೋರಿಸುತ್ತದೆ.

ಯಾವ ಪಾರ್ಟಿಷನ್‌ನಲ್ಲೂ ಬೂಟ್ ಫೋಲ್ಡರ್ ಸಿಗಲಿಲ್ಲ ಅಂದರೆ ಅಳಿಸಿದ್ದು ಉಬುಂಟುವನ್ನೇ ಇರಬಹುದು. ಆಗ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯದೆ, ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಅಳಿಸಿದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಪ್ರೋಗ್ರಾಂ ಓಡಿಸಿ, ಪಾರ್ಟಿಷನ್ ವಾಪಸ್ ಸಿಗುವ ಸಾಧ್ಯತೆ ಇದೆ.

ಅಂದಹಾಗೆ, ನೀವು 'ಖಾಲಿ' ಅಂದುಕೊಂಡಿದ್ದು ಲಿನಕ್ಸ್‌ನ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಅಲ್ವಾ? ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ, ಹೆಸರಿಲ್ಲದ ಖಾಲಿ ಜಾಗದ ಥರ ಕಾಣುತ್ತದೆ. ಹಾಗಿದ್ದರೆ ಉಬುಂಟು ಏಳುವಾಗ ಇಲ್ಲದ ಸ್ವಾಪ್‌ಗಾಗಿ ಸುಮ್ನೆ 90 ಸೆಕೆಂಡ್ ಕಾಯುತ್ತಾ ಕೂರಬಹುದು. '/ಇಟಿಸಿ/ಎಫ್‌ಎಸ್‌ಟ್ಯಾಬ್' ಫೈಲ್ ತೆರೆದು ಸ್ವಾಪ್ ಸಾಲಿನ ಶುರುವಿನಲ್ಲೇ ಒಂದು ಹ್ಯಾಶ್ (#) ಗುರುತು ಹಾಕಿ, ಆ ಕಾಟವೂ ತಪ್ಪುತ್ತದೆ.