ಆ ಎರಡು ಗಂಟೆಗಳ ಮೌನ: ಕ್ಯಾಂಪಸ್ ಎಚ್ಚರಿಕೆ ವ್ಯವಸ್ಥೆ ನಡೆದು ಬಂದ ದಾರಿ

ಅಮೆರಿಕದ ಕಾಲೇಜುಗಳಲ್ಲಿ ಇಂದು ಅಪಾಯ ಎದುರಾದರೆ ವಿದ್ಯಾರ್ಥಿಗಳ ಮೊಬೈಲಿಗೆ ಸಂದೇಶ ಬರುತ್ತದೆ, ಸೈರನ್ ಮೊಳಗುತ್ತದೆ, ತರಗತಿಯ ಪರದೆಗಳ ಮೇಲೆ ಸೂಚನೆ ಮೂಡುತ್ತದೆ. ಇದು ತಂತ್ರಜ್ಞಾನದ ಬೆನ್ನಿಗೆ ತಾನಾಗಿಯೇ ಬಂದ ಸೌಲಭ್ಯವಲ್ಲ. ತಿಳಿಸಬೇಕಾದವರು ತಿಳಿಸದೇ ಹೋದದ್ದರಿಂದ ಮಕ್ಕಳನ್ನು ಕಳೆದುಕೊಂಡವರು ಪಟ್ಟು ಹಿಡಿದು ಪಡೆದದ್ದು.

1986ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ 19 ವರ್ಷದ ಜೀನ್ ಕ್ಲೆರಿ ತನ್ನ ಕೋಣೆಯಲ್ಲೇ ಕೊಲೆಯಾದಳು. ತಾನಾಗಿ ಬೀಗ ಬೀಳಬೇಕಿದ್ದ ಬಾಗಿಲುಗಳು ಮುಚ್ಚಿಕೊಳ್ಳದಂತೆ ಅಡ್ಡವಿಟ್ಟಿದ್ದರಿಂದ ಕೊಲೆಗಾರ ಸಲೀಸಾಗಿ ಒಳಬಂದಿದ್ದ. ಆ ಆವರಣದಲ್ಲಿ ಅದಕ್ಕೂ ಮೊದಲು ಹಲವು ಹಿಂಸಾತ್ಮಕ ಅಪರಾಧಗಳು ನಡೆದಿದ್ದವು ಎಂಬುದು ತಂದೆತಾಯಿಗೆ ತಿಳಿದದ್ದು ಮಗಳು ಹೋದ ಮೇಲೆ. ಅವರ ಹೋರಾಟದ ಫಲವಾಗಿ 1990ರಲ್ಲಿ ಬಂದ ಕೇಂದ್ರ ಕಾನೂನು, 1998ರಿಂದ ಜೀನ್ ಕ್ಲೆರಿಯ ಹೆಸರನ್ನೇ ಹೊತ್ತಿದೆ. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ಅಪರಾಧಗಳ ಅಂಕಿಅಂಶ ಪ್ರಕಟಿಸಬೇಕು, ಅಪಾಯ ಮುಂದುವರಿಯುವಂತಿದ್ದರೆ ‘ಸಕಾಲಿಕ ಎಚ್ಚರಿಕೆ’ ನೀಡಬೇಕು ಎಂದು ಅದು ವಿಧಿಸಿತು. ಸಕಾಲವೆಂದರೆ ಎಷ್ಟು ಹೊತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಆ ಲೋಪದ ಬೆಲೆ ಗೊತ್ತಾದದ್ದು 2007ರ ಏಪ್ರಿಲ್ 16ರಂದು, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ. ಬೆಳಿಗ್ಗೆ ಸುಮಾರು 7:15ಕ್ಕೆ ಹಾಸ್ಟೆಲೊಂದರಲ್ಲಿ ಇಬ್ಬರಿಗೆ ಗುಂಡೇಟು ಬಿತ್ತು. ಇದು ವೈಯಕ್ತಿಕ ಕಲಹವಿರಬೇಕು, ಗುಂಡು ಹಾರಿಸಿದವನು ಆವರಣ ಬಿಟ್ಟು ಹೋಗಿರಬೇಕು ಎಂದು ಪೊಲೀಸರು ಭಾವಿಸಿದರು. ಎಲ್ಲರಿಗೂ ನೇರವಾಗಿ ಸಂದೇಶ ಕಳುಹಿಸುವ ತಾಂತ್ರಿಕ ಸೌಲಭ್ಯ ಕ್ಯಾಂಪಸ್ ಪೊಲೀಸರ ಕೈಯಲ್ಲಿ ಇರಲಿಲ್ಲ. ಹಿರಿಯ ಅಧಿಕಾರಿಗಳ ಸಮಿತಿ ಸಭೆ ಸೇರಿ, ಚರ್ಚಿಸಿ, ಒಕ್ಕಣೆ ತೀರ್ಮಾನಿಸಬೇಕಿತ್ತು. ಮೊದಲ ಇಮೇಲ್ ಹೊರಟಾಗ ಗಂಟೆ 9:26. ಹಾಸ್ಟೆಲಿನಲ್ಲಿ ‘ಗುಂಡು ಹಾರಿಸಿದ ಘಟನೆ’ ನಡೆದಿದೆ, ಜಾಗರೂಕರಾಗಿರಿ ಎಂದಷ್ಟೇ ಅದರಲ್ಲಿತ್ತು. ಕೊಲೆಯಾಗಿದೆ ಎಂಬ ಮಾತಾಗಲಿ, ಕೊಲೆಗಾರ ಸಿಕ್ಕಿಲ್ಲ ಎಂಬ ಮಾತಾಗಲಿ ಇರಲಿಲ್ಲ. ಅದನ್ನು ಓದಿಯೂ ತರಗತಿಗೆ ಹೋದವರನ್ನು ತಪ್ಪೆನ್ನಲು ನನಗೆ ಸಾಧ್ಯವೇ ಇಲ್ಲ. ಸುಮಾರು 9:40ಕ್ಕೆ ನಾರಿಸ್ ಹಾಲ್ ಎಂಬ ತರಗತಿ ಕಟ್ಟಡದಲ್ಲಿ ಗುಂಡಿನ ದಾಳಿ ಶುರುವಾಗಿ, ಹತ್ತು ಹನ್ನೊಂದು ನಿಮಿಷಗಳಲ್ಲಿ 30 ಜನ ಪ್ರಾಣ ಕಳೆದುಕೊಂಡರು. ಬಂದೂಕುಧಾರಿ ಓಡಾಡುತ್ತಿದ್ದಾನೆ, ಕಟ್ಟಡ ಬಿಟ್ಟು ಹೊರಬರಬೇಡಿ, ಕಿಟಕಿಗಳಿಂದ ದೂರವಿರಿ ಎಂಬ ನೇರ ಮಾತು ಬಂದದ್ದು 9:50ಕ್ಕೆ.

2008ರ ಆಗಸ್ಟಿನಲ್ಲಿ ಕಾನೂನು ತಿದ್ದುಪಡಿಯಾಯಿತು. ಆರೋಗ್ಯಕ್ಕೋ ಸುರಕ್ಷತೆಗೋ ತಕ್ಷಣದ ಅಪಾಯವಿದೆ ಎಂದು ಖಚಿತವಾದ ಕೂಡಲೇ ತಡಮಾಡದೆ ತಿಳಿಸಬೇಕು, ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂಬ ನಿಯಮ ಬಂತು. ಅಪರಾಧ ಮಾತ್ರವಲ್ಲ, ಬೆಂಕಿ, ಅನಿಲ ಸೋರಿಕೆ, ಸುಂಟರಗಾಳಿಗಳೂ ಇದರಡಿ ಬಂದವು. ಎಸ್ಸೆಮ್ಮೆಸ್ ಸೇವೆಗೆ ಹೆಸರು ನೋಂದಾಯಿಸುವ ಹೊಣೆ ವಿದ್ಯಾರ್ಥಿಗಳ ಮೇಲೇ ಇದ್ದಾಗ ಅನೇಕರು ಹೊರಗುಳಿಯುತ್ತಿದ್ದರು. ಹಾಗಾಗಿ ಎಲ್ಲರನ್ನೂ ಮೊದಲೇ ಸೇರಿಸಿ, ಬೇಡವೆಂದವರನ್ನಷ್ಟೇ ಬಿಡುವ ಪದ್ಧತಿ ಹರಡಿತು. ಸಂದೇಶದ ಕರಡುಗಳನ್ನು ಮುಂಚೆಯೇ ಬರೆದಿಡುವ ರೂಢಿಯೂ ಬೆಳೆಯಿತು.

ಬೇಗ ತಿಳಿಸಿದಾಗ ತಪ್ಪೂ ನುಸುಳುತ್ತದೆ. 2016ರ ನವೆಂಬರ್ 28ರಂದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಕಾರು ನುಗ್ಗಿಸಿ, ಚೂರಿಯಿಂದ ಇರಿದಾಗ, ಕೆಲವೇ ನಿಮಿಷಗಳಲ್ಲಿ ಹೊರಟ ಸಂದೇಶ ಬಂದೂಕುಧಾರಿಯಿದ್ದಾನೆ, ಓಡಿ, ಅಡಗಿ, ಹೋರಾಡಿ ಎಂದಿತು. ಗುಂಡು ಹಾರಿಸಿದ್ದು ದಾಳಿಕೋರನನ್ನು ತಡೆದ ಪೊಲೀಸ್ ಅಧಿಕಾರಿ. ಆದರೂ ಈ ತಪ್ಪನ್ನು ವರ್ಜೀನಿಯಾ ಟೆಕ್‌ನ ಮೌನದ ಪಕ್ಕದಲ್ಲಿಟ್ಟು ತೂಗಲಾರೆ: ಇಲ್ಲಿ ವಿದ್ಯಾರ್ಥಿಗಳಿಗೆ ಕುರ್ಚಿಗಳನ್ನು ಒಟ್ಟಿ ಬಾಗಿಲು ಭದ್ರಪಡಿಸಿಕೊಳ್ಳಲು ಸಮಯ ಸಿಕ್ಕಿತ್ತು.

2023ರ ಫೆಬ್ರವರಿ 13ರ ರಾತ್ರಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿಯ ಮೊದಲ ಕರೆ 8:18ಕ್ಕೆ ಬಂತು. ಎಲ್ಲರ ಫೋನುಗಳಿಗೂ ಎಚ್ಚರಿಕೆ ಹೊರಟದ್ದು 8:31ಕ್ಕೆ. ಎರಡು ಗಂಟೆಗಳ ಅಂತರ 13 ನಿಮಿಷಕ್ಕೆ ಇಳಿದಿತ್ತು. ಸಾವಿಗೀಡಾದ ವಿದ್ಯಾರ್ಥಿಗಳು ಮೂವರು.