ಲಿಬರೇಟರ್ ಮಾದರಿ ಬಾಲದ ಮೇಲೆ ಕೂರುವುದೇಕೆ?

ಪ್ರಶ್ನೆ: 1/72 ಅಳತೆಯ ಬಿ-24 ಲಿಬರೇಟರ್ ಬಾಂಬರ್ ಕಿಟ್ ಜೋಡಿಸುತ್ತಿದ್ದೇನೆ. ಭಾಗಗಳನ್ನು ಟೇಪಿನಿಂದ ಬಿಗಿದು ಗಾಲಿಗಳ ಮೇಲೆ ನಿಲ್ಲಿಸಿದರೆ ಮೂಗು ಮೇಲೆದ್ದು ಬಾಲ ಮೇಜಿಗೆ ತಾಗುತ್ತದೆ. ಎಲ್ಲಿ ತಪ್ಪಿದೆ? ಎಷ್ಟು ತೂಕ ಇಡಬೇಕು?

ಉತ್ತರ: ನಿಮ್ಮ ಕೈಯಲ್ಲಿ ತಪ್ಪೇನೂ ಆಗಿಲ್ಲ. ಅಂಟು ಹಾಕುವ ಮೊದಲೇ ನಿಲ್ಲಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು.

ಲ್ಯಾಂಕಾಸ್ಟರ್, ಬಿ-17 ಮುಂತಾದ ಬಾಂಬರ್‌ಗಳು ಬಾಲದಡಿಯ ಪುಟ್ಟ ಗಾಲಿಯನ್ನು ಊರಿಯೇ ನಿಲ್ಲುತ್ತವೆ. ಲಿಬರೇಟರ್‌ಗೆ ಆ ಮೂರನೆಯ ಗಾಲಿ ಮೂಗಿನ ಕೆಳಗಿದೆ. ಆದ್ದರಿಂದ ಒಟ್ಟು ಭಾರದ ಕೇಂದ್ರ ರೆಕ್ಕೆಯಡಿಯ ದೊಡ್ಡ ಗಾಲಿಗಳಿಗಿಂತ ಮುಂದೆ ಬೀಳಲೇಬೇಕು. ನಿಜವಾದ ವಿಮಾನದಲ್ಲಿ ಒಂದೊಂದೂ ಅರ್ಧ ಟನ್ನಿಗೆ ಮಿಕ್ಕಿದ ನಾಲ್ಕು ಎಂಜಿನ್‌ಗಳು ಮುಂದೆ ಕುಳಿತು ಮೂಗನ್ನು ತಗ್ಗಿಸುತ್ತವೆ. ಕಿಟ್‌ನಲ್ಲಿ ಅವು ಬರೀ ಟೊಳ್ಳು. ಹಿಂದಿನ ಉದ್ದನೆಯ ಒಡಲೂ ಅವಳಿ ಬಾಲವೂ ಗೆದ್ದುಬಿಡುತ್ತವೆ.

ತೂಕಕ್ಕೆ ಕಿಟ್ಟಿನ ಕಾಗದದಲ್ಲಿರುವ ಗ್ರಾಂ ಲೆಕ್ಕವನ್ನಷ್ಟೇ ನಂಬಬೇಡಿ. ಬಣ್ಣ, ಅಂಟು ಎಲ್ಲವೂ ಅದನ್ನು ಬದಲಿಸುತ್ತವೆ. ಟೇಪು ಸುತ್ತಿದ ಮಾದರಿಯನ್ನು ದೊಡ್ಡ ಗಾಲಿಗಳ ಅಚ್ಚಿನ ನೇರಕ್ಕೆ ಎರಡು ಪೆನ್ಸಿಲ್‌ಗಳ ಮೇಲೆ ಕೂರಿಸಿ. ತೂಕ ಇಡಬೇಕೆಂದಿರುವ ಜಾಗದ ಹೊರಮೈಗೆ ಪುಟ್ಟ ಚೀಲ ಅಂಟಿಸಿ, ಮೂಗು ಮೆಲ್ಲನೆ ಕೆಳಗಿಳಿಯುವವರೆಗೆ ಗುಂಡುಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ. ಆಮೇಲೆ ಕಾಲು ಭಾಗ ಹೆಚ್ಚಿಗೆ ಸೇರಿಸಿ. ಬಾವಿಯ ಏತದ ಲೆಕ್ಕವೇ ಇಲ್ಲಿಯೂ: ಅಚ್ಚಿನಿಂದ 5 ಸೆಂ.ಮೀ. ಮುಂದೆ 40 ಗ್ರಾಂ ಮಾಡುವ ಕೆಲಸವನ್ನು 10 ಸೆಂ.ಮೀ. ಮುಂದೆ 20 ಗ್ರಾಂ ಮಾಡುತ್ತದೆ. ಲಿಬರೇಟರ್‌ನ ಕಾಲುಗಳು ಉದ್ದ, ಸಣಕಲು. ಭಾರ ಅತಿಯಾದರೆ ಅವೇ ಬಾಗುತ್ತವೆ. ಹಾಗಾಗಿ ಆದಷ್ಟೂ ಮುಂದೆ ಇಡಿ. ಮೂಗಿನ ತುದಿ ಪಾರದರ್ಶಕವಾದ್ದರಿಂದ ಅಲ್ಲಿಟ್ಟರೆ ಕಾಣಿಸುತ್ತದೆ. ಮುಂದಿನ ಗಾಲಿಗೂಡಿನ ಎರಡೂ ಪಕ್ಕ, ಪೈಲಟ್‌ಗಳ ನೆಲದಡಿ ಒಳ್ಳೆಯ ಮರೆಗಳು. ಎಂಜಿನ್ ಗೂಡುಗಳಲ್ಲೂ ಇಡಬಹುದು, ಆದರೆ ಅಚ್ಚಿಗೆ ಹತ್ತಿರವಾದ್ದರಿಂದ ಫಲ ಕಡಿಮೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮರಗೆಲಸದ ಬಿಳಿ ಅಂಟಿನಲ್ಲಿ ಕೂರಿಸಬೇಡಿ. ನಾನು ಹಾಗೆ ಮಾಡಿದ್ದ ಬಿ-25 ಬಾಂಬರ್ ಮಾದರಿಯ ಮೂಗು ಕೆಲವು ವರ್ಷಗಳಲ್ಲಿ ಊದಿಕೊಂಡಿತು. ಬೆಸುಗೆಯ ಗೆರೆ ಉಗುರು ತೂರುವಷ್ಟು ಬಾಯ್ಬಿಟ್ಟು ಒಳಗಿನಿಂದ ಬಿಳಿ ಪುಡಿ ಉದುರಿತು. ಆ ಅಂಟಿನಿಂದ ಹೊಮ್ಮುವ ಅಸಿಟಿಕ್ ಆಮ್ಲ ಸೀಸವನ್ನು ತಿಂದು ಸೀಸದ ಕಾರ್ಬೊನೇಟ್ ಮಾಡುತ್ತದೆ, ಅದು ಹೆಚ್ಚು ಜಾಗ ಬೇಡುತ್ತದೆ. ಎರಡು ಟ್ಯೂಬುಗಳ ಎಪಾಕ್ಸಿ ಅಂಟು ಬಳಸಿ, ಅಥವಾ ಸೀಸದ ಬದಲು ಉಕ್ಕಿನ ನಟ್‌ಗಳನ್ನು ಹಾಕಿ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.

ಯಾವ ದೇಶದ ಗುರುತು ಹಾಕುತ್ತೀರೆಂದು ನೀವು ಬರೆದಿಲ್ಲ. ನನ್ನ ಆಸೆ ಭಾರತದ್ದು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದರು. 1948ರಿಂದ 1968ರವರೆಗೆ ನಮ್ಮ ವಾಯುಪಡೆ ಅವನ್ನು ಹಾರಿಸಿತು. ಒಂದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. ಹೋದರೆ ಮುಂದಿನ ಗಾಲಿಗೂಡಿನ ಚಿತ್ರ ತೆಗೆದುಕೊಳ್ಳಿ, ತೂಕ ಮರೆಮಾಡಲು ಅದೇ ಬೇಕಾದ ಜಾಗ.