ಎರಡು ಸಾಲು ಅದಲುಬದಲಾದರೆ

1758ರಲ್ಲಿ ಪ್ಯಾರಿಸ್‌ನ ಮೂವರು ಒಂದೇ ಲೆಕ್ಕದ ಮುಂದೆ ಆರು ತಿಂಗಳು ಕುಳಿತರು. ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲೂ ಕೂಡುವುದು, ಕಳೆಯುವುದು. ಹ್ಯಾಲಿ ಧೂಮಕೇತು ಯಾವಾಗ ಮರಳುತ್ತದೆ ಎಂಬುದು ಪ್ರಶ್ನೆ. ಸೂರ್ಯ ಮತ್ತು ಧೂಮಕೇತು ಎರಡೇ ಇದ್ದಿದ್ದರೆ ನ್ಯೂಟನ್‌ನ ಸೂತ್ರವೇ ಸಾಕಿತ್ತು. ಆದರೆ ದಾರಿಯಲ್ಲಿ ಗುರುವಿದ್ದಾನೆ, ಶನಿಯಿದ್ದಾನೆ. ಮೂರನೆಯ ಕಾಯ ಸೇರಿದೊಡನೆ ಸೂತ್ರ ಕೈಕೊಡುತ್ತದೆ. ದಾರಿಯನ್ನು ತುಂಡು ತುಂಡಾಗಿಸಿ, ಒಂದೊಂದು ತುಂಡಿನಲ್ಲೂ ಯಾರು ಎಷ್ಟು ಎಳೆಯುತ್ತಾರೆಂದು ಲೆಕ್ಕ ಹಾಕುತ್ತಾ ಹೋಗಬೇಕು.

ವಿಧಾನ ಗಣಿತಜ್ಞ ಅಲೆಕ್ಸಿ ಕ್ಲೇರೋನದು. ಅಂಕಿಗಳ ಹೊರೆ ಹೊತ್ತವರು ಖಗೋಳಜ್ಞ ಲಲಾಂದ್ ಮತ್ತು ನಿಕೋಲ್-ರೇನ್ ಲಪೋತ್ ಎಂಬ ಮಹಿಳೆ. ಪಂಚಾಂಗದ ನಂಬಿಕೆಗೆ ವಿರುದ್ಧವಾಗಿ ಶನಿಗಿಂತ ಗುರುವಿನ ಕಾಟವೇ ಹೆಚ್ಚೆಂದು ತಿಳಿಯಿತು: ಗುರುವಿನಿಂದ 518 ದಿನ ತಡ, ಶನಿಯಿಂದ 100. ಧೂಮಕೇತು 1759ರ ಏಪ್ರಿಲ್ ನಡುವೆ ಸೂರ್ಯನ ಅತಿ ಸಮೀಪಕ್ಕೆ ಬರುತ್ತದೆ, ಒಂದು ತಿಂಗಳು ಆಚೀಚೆ ಆಗಬಹುದು ಎಂದು ಕ್ಲೇರೋ ನವೆಂಬರ್‌ನಲ್ಲಿ ಸಾರಿದ. ಬಂದದ್ದು ಮಾರ್ಚ್ 13ಕ್ಕೆ. ಆಮೇಲೆ ಬರೆದ ಪುಸ್ತಕದಲ್ಲಿ ಲಪೋತ್ ಹೆಸರನ್ನು ಅವನು ಕೈಬಿಟ್ಟ, ಅದು ಬೇರೆ ಮಾತು.

ಈ ತುಂಡು ತುಂಡಿನ ನಡಿಗೆಗೆ 1768ರಲ್ಲಿ ಗಣಿತಜ್ಞ ಆಯ್ಲರ್ ಅತ್ಯಂತ ಸರಳ ರೂಪ ಕೊಟ್ಟ. ಈಗಿನ ವೇಗ, ಈಗಿನ ಸೆಳೆತ ನೋಡಿಕೊಂಡು ಒಂದು ಪುಟ್ಟ ಹೆಜ್ಜೆ. ಮತ್ತೆ ನೋಡಿಕೊಂಡು ಇನ್ನೊಂದು. ಕಂಪ್ಯೂಟರಿನಲ್ಲಿ ಗ್ರಹ ಸುತ್ತಿಸಲು ಹೊರಟ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲು ಬರೆಯುವುದು ಇದನ್ನೇ. ಪರದೆಯ ಮೇಲೆ ಗ್ರಹವೋ ಹೊರಟಲ್ಲಿಗೆ ಮರಳದೆ, ಸುರುಳಿಯಾಗಿ ಹೊರಹೊರಕ್ಕೆ ಜಾರುತ್ತದೆ.

ಕಾಗದದ ಮೇಲೆ ಒಂದೇ ಹೆಜ್ಜೆ ಇಟ್ಟು ನೋಡಿ. ಸೂರ್ಯ ಮೂಲಬಿಂದುವಿನಲ್ಲಿದ್ದಾನೆ. 1 ದ್ರವ್ಯರಾಶಿಯ ಗ್ರಹ (1, 0)ರಲ್ಲಿದೆ, ಅದರ ವೇಗ (0, 1), ಸೆಳೆತ (−1, 0). ಹೆಜ್ಜೆ 0.1. ಆಯ್ಲರ್ ಹೇಳಿದಂತೆ ಹಳೆಯ ವೇಗದಲ್ಲೇ ಸರಿಸಿದರೆ ಗ್ರಹ (1, 0.1)ಕ್ಕೆ ಬರುತ್ತದೆ, ವೇಗ (−0.1, 1) ಆಗುತ್ತದೆ. ಕೋನೀಯ ಸಂವೇಗವೆಂದರೆ ಗ್ರಹದ ಸುತ್ತುವಿಕೆಯ ಅಳತೆ: ಸ್ಥಾನದ ಮೊದಲ ಅಂಕಿಯನ್ನು ವೇಗದ ಎರಡನೆಯದರಿಂದ ಗುಣಿಸಿ, ಅದರಿಂದ ಸ್ಥಾನದ ಎರಡನೆಯದು ಮತ್ತು ವೇಗದ ಮೊದಲನೆಯದರ ಗುಣಲಬ್ಧ ಕಳೆಯಿರಿ. ಸೆಳೆತ ಸೂರ್ಯನತ್ತಲೇ ಇರುವಾಗ ಅದು ಬದಲಾಗಬಾರದು. ಆದರೆ 1 ಇದ್ದದ್ದು 1.01 ಆಯಿತು. ಯಾರೂ ಕೊಡದ ಶೇಕಡ 1 ಲಾಭ, ಅದೂ ಒಂದೇ ಹೆಜ್ಜೆಗೆ! ಈಗ ಸ್ಥಾನ ಮತ್ತು ವೇಗವನ್ನು ಬದಲಿಸುವ ಎರಡು ಸಾಲುಗಳನ್ನು ಅದಲುಬದಲು ಮಾಡಿ: ಮೊದಲು ವೇಗವನ್ನು ತಿದ್ದಿ, ಆ ಹೊಸ ವೇಗದಲ್ಲಿ ಗ್ರಹವನ್ನು ಸರಿಸಿ. ಸ್ಥಾನ (0.99, 0.1). ಕೋನೀಯ ಸಂವೇಗ 0.99 + 0.01, ಅಂದರೆ ಸರಿಯಾಗಿ 1. ಎಷ್ಟು ಹೆಜ್ಜೆ ಇಟ್ಟರೂ 1. ಹೆಜ್ಜೆ ಚಿಕ್ಕದಿದ್ದರೆ ಶಕ್ತಿ ತುಸು ಏರಿಳಿಯುತ್ತದೆಯೇ ಹೊರತು ಕೈಮೀರುವುದಿಲ್ಲ.

ಸೋಜಿಗವೆಂದರೆ ಈ ತಿದ್ದುಪಡಿ ಆಯ್ಲರ್‌ಗಿಂತ 81 ವರ್ಷ ಹಳೆಯದು. 1687ರ ‘ಪ್ರಿನ್ಸಿಪಿಯಾ’ದ ಮೊದಲ ಪ್ರಮೇಯದ ಚಿತ್ರದಲ್ಲಿ ಕಾಯ ನೇರವಾಗಿ ಸಾಗುತ್ತದೆ, ಕೇಂದ್ರದ ಕಡೆಗೆ ಒಂದು ತಟ್ಟು ತಿನ್ನುತ್ತದೆ, ಬದಲಾದ ವೇಗದಲ್ಲಿ ಮತ್ತೆ ನೇರವಾಗಿ ಸಾಗುತ್ತದೆ. ಆ ಹೆಜ್ಜೆಗಳ ತ್ರಿಕೋನಗಳಿಗೆಲ್ಲ ಒಂದೇ ಕ್ಷೇತ್ರಫಲ ಎಂದು ತೋರಿಸಿ ನ್ಯೂಟನ್ ಕೆಪ್ಲರ್‌ನ ಎರಡನೆಯ ನಿಯಮವನ್ನು, ಅಂದರೆ ಸೂರ್ಯನಿಂದ ಗ್ರಹಕ್ಕೆಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರಫಲ ಹಾಯುತ್ತದೆ ಎಂಬುದನ್ನು, ಸಾಧಿಸಿದ. ಅವನಿಗೆ ಬೇಕಿದ್ದುದು ನಿಯಮದ ಪುರಾವೆ, ಲೆಕ್ಕದ ಉಪಕರಣವಲ್ಲ.

ಹಾಗಾಗಿ ಅದನ್ನು ಮತ್ತೆ ಮತ್ತೆ ಕಂಡುಹಿಡಿಯಬೇಕಾಯಿತು. 1791ರಲ್ಲಿ ಫ್ರೆಂಚ್ ಖಗೋಳಜ್ಞ ಡೆಲಾಂಬ್ರ, 1907ರಲ್ಲಿ ಧ್ರುವಪ್ರಭೆಯ ಬೆನ್ನುಹತ್ತಿದ ನಾರ್ವೆಯ ಸ್ಟೋರ್ಮರ್, 1967ರಲ್ಲಿ 864 ಆರ್ಗಾನ್ ಪರಮಾಣುಗಳ ಓಡಾಟವನ್ನು ಗಣಿಸಿದ ವರ್ಲೆ. ಹೆಸರು ಉಳಿದದ್ದು ಕೊನೆಗೆ ಬಂದವನದು. ಈ ನಡುವೆ ರುಂಗೆ ಮತ್ತು ಕುಟ್ಟಾ ರೂಪಿಸಿದ ವಿಧಾನ ಒಂದೊಂದು ಹೆಜ್ಜೆಯಲ್ಲಿ ಹೆಚ್ಚು ನಿಖರ. ಆದರೂ ಲಕ್ಷಾಂತರ ಸುತ್ತುಗಳ ಓಟದಲ್ಲಿ ಅದರ ಶಕ್ತಿಯ ಲೆಕ್ಕ ನಿಧಾನವಾಗಿ ಸೋರುತ್ತದೆ.

ಹ್ಯಾಲಿ ಧೂಮಕೇತು 1910ರಲ್ಲಿ ಬರುವ ಮುನ್ನ ಗ್ರೀನಿಚ್ ವೀಕ್ಷಣಾಲಯದ ಕೊವೆಲ್ ಮತ್ತು ಕ್ರಾಮೆಲಿನ್ ಇದೇ ಕುಲದ ವಿಧಾನ ಹಿಡಿದು 1759ರಿಂದಲೇ ಹೆಜ್ಜೆ ಎಣಿಸಿದರು. ಈ ಬಾರಿ ತಪ್ಪಿದ್ದು ಮೂರೇ ದಿನ. ಅದರಲ್ಲಿ ಎರಡು ದಿನವಾದರೂ ಅಂಕಗಣಿತದ ತಪ್ಪಲ್ಲ ಎಂದು ಅವರೇ ತೀರ್ಮಾನಿಸಿದರು. ಕಾರಣವನ್ನು 1950ರಲ್ಲಿ ಖಗೋಳಜ್ಞ ಫ್ರೆಡ್ ವಿಪಲ್ ಹೇಳಿದ: ಧೂಮಕೇತು ದೂಳು ತುಂಬಿದ ಹಿಮದ ಮುದ್ದೆ, ಬಿಸಿಲು ತಾಗಿದ ಕಡೆಯಿಂದ ಆವಿ ಚಿಮ್ಮಿ ಅದನ್ನು ರಾಕೆಟ್ಟಿನಂತೆ ತಳ್ಳುತ್ತದೆ. ಗ್ರೀನಿಚ್‌ನ ಸಮೀಕರಣಗಳಲ್ಲಿ ಆ ಆವಿ ಇರಲಿಲ್ಲ.